ಪಿಂಗಾಣಿ ಕಾಯಲು ಹುಟ್ಟಿದ ಯಂತ್ರ

ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಊರಿನ ಜೋಸೆಫೀನ್ ಕಾಕ್ರನ್‌ಗೆ ಪಾತ್ರೆ ತೊಳೆಯುವ ಕಷ್ಟವೇನೂ ಇರಲಿಲ್ಲ. ಆ ಕೆಲಸಕ್ಕೆ ಆಳುಗಳಿದ್ದರು. ಆಕೆಯ ಸಂಕಟವೇ ಬೇರೆ: ಔತಣ ಮುಗಿಸಿ ತೊಳೆಯಲು ಹೋದ ಬೆಲೆಬಾಳುವ ಪಿಂಗಾಣಿ ತಟ್ಟೆಗಳು ಅಂಚು ಮುಕ್ಕಾಗಿ ವಾಪಸಾಗುತ್ತಿದ್ದವು. 1883ರಲ್ಲಿ ಗಂಡ ಸಾಲ ಬಿಟ್ಟು ತೀರಿಕೊಂಡರು. ಅಲ್ಲಿಂದ ತಟ್ಟೆ ಉಳಿಸುವ ಯೋಚನೆಯೇ ಜೀವನೋಪಾಯವಾಯಿತು. ಮೆಕ್ಯಾನಿಕ್ ಜಾರ್ಜ್ ಬಟರ್ಸ್ ನೆರವಿನಿಂದ ಆಕೆ ಕಟ್ಟಿದ ಪಾತ್ರೆ ತೊಳೆಯುವ ಯಂತ್ರಕ್ಕೆ 1886ರ ಡಿಸೆಂಬರ್ 28ರಂದು ಪೇಟೆಂಟ್ ಸಿಕ್ಕಿತು.

ಪ್ರತಿ ತಟ್ಟೆಗೂ ಅಳತೆಗೆ ತಕ್ಕ ತಂತಿಯ ಗೂಡು. ಮೇಲೆ ರಭಸವಾಗಿ ಬೀಳುವ ಬಿಸಿ ಸಾಬೂನು ನೀರು. ತಟ್ಟೆಗೆ ತಟ್ಟೆ ತಾಗುವ ಮಾತೇ ಇಲ್ಲ. ಗೃಹಿಣಿಯರು ಅಷ್ಟಾಗಿ ಒಲಿಯದಿದ್ದರೂ ಹೋಟೆಲುಗಳು ಕೊಂಡವು. 1893ರ ಷಿಕಾಗೊ ಜಾಗತಿಕ ಮೇಳದಲ್ಲಿ ಬಹುಮಾನವೂ ಬಂತು.

ಆದರೆ ಇಂದು ಹೆಚ್ಚಿನ ಡಿಶ್‌ವಾಷರ್‌ಗಳ ಕೈಪಿಡಿ ತೆರೆದರೆ, ಒಳಗಿಡಬಾರದ ವಸ್ತುಗಳ ಸಾಲಿನಲ್ಲಿ ಚಿನ್ನದ ಅಂಚಿನ ಹಳೆಯ ಪಿಂಗಾಣಿಯೂ ಇರುತ್ತದೆ! ಯಾವುದನ್ನು ಕಾಯಲು ಯಂತ್ರ ಹುಟ್ಟಿತೋ ಅದಕ್ಕೇ ಬಾಗಿಲು ಮುಚ್ಚಿದ್ದು ಹೇಗೆ?

ತಪ್ಪನ್ನೆಲ್ಲ ಬಿಸಿನೀರಿನ ತಲೆಗೆ ಕಟ್ಟುವುದು ರೂಢಿ. ಅಸಲಿ ಕಾರಣ ಯಂತ್ರಕ್ಕೆ ಹಾಕುವ ಪುಡಿ. ಸಾಬೂನಿನ ನೊರೆ ತುಂಬಿದರೆ ಯಂತ್ರದ ನೀರಿನ ರಭಸ ಕುಗ್ಗುತ್ತದೆ. ಹೀಗಾಗಿ ನೊರೆ ಬಾರದ ಪುಡಿಗಳು ಬಂದವು. ಒಳಗೆ ಉಜ್ಜುವ ಕೈ ಇಲ್ಲ, ನಾರಿಲ್ಲ. ಆ ಕೆಲಸವನ್ನೂ ಪುಡಿಯೇ ಮಾಡಬೇಕು. ಅದಕ್ಕಾಗಿ ವಾಷಿಂಗ್ ಸೋಡಾದಂಥ ಕ್ಷಾರ, ಬ್ಲೀಚ್, ಅನ್ನದ ಗಂಜಿಯನ್ನೂ ಹಾಲಿನ ಪ್ರೋಟೀನನ್ನೂ ಕತ್ತರಿಸುವ ಕಿಣ್ವ ಸೇರಿದವು. ಗ್ಲೇಜಿನ ಮೇಲೆ ಬರೆದು ಕಡಿಮೆ ಉರಿಯಲ್ಲಿ ಸುಟ್ಟ ಚಿನ್ನದ ಗೆರೆ ಇದನ್ನು ಎಷ್ಟು ದಿನ ತಾಳೀತು?

ಅಲ್ಯೂಮಿನಿಯಂ ಪಾಡು ಇನ್ನೂ ಕಷ್ಟ. ಗಾಳಿ ತಾಗಿದೊಡನೆ ಆ ಲೋಹದ ಮೇಲೆ ಆಕ್ಸೈಡಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಅದೇ ಅದರ ರಕ್ಷಣೆ. ಕ್ಷಾರ ಮೊದಲು ಕರಗಿಸುವುದೇ ಆ ಪದರವನ್ನು. ಫಳಫಳ ಹೊಳೆಯುತ್ತಾ ಒಳಹೋದ ಕುಕ್ಕರ್ ಮಂಕು ಬೂದಿಬಣ್ಣದಲ್ಲಿ ಹೊರಬರುತ್ತದೆ, ಬೆರಳಾಡಿಸಿದರೆ ಮಸಿ ಅಂಟುತ್ತದೆ. ಹಾರ್ಡ್ ಆನೊಡೈಸ್ಡ್ ಬಾಣಲೆ ಗಟ್ಟಿಮುಟ್ಟಾಗಿ ಕಂಡರೂ ಅದರ ಕಪ್ಪು ಹೊದಿಕೆಯ ಮೂಲವಸ್ತು ಅದೇ ಆಕ್ಸೈಡ್. ದಪ್ಪ ಹೆಚ್ಚು, ಅಷ್ಟೇ.

ದೋಸೆ ಕಾವಲಿಯದು ಬೇರೆ ಕಥೆ. ವರ್ಷಗಟ್ಟಲೆ ಎಣ್ಣೆ ಸವರಿ, ಈರುಳ್ಳಿ ಉಜ್ಜಿ ಪಳಗಿಸಿದ ಕಾವಲಿಯ ಮೇಲೆ ಎಣ್ಣೆಯೇ ಕಾದು ಗಟ್ಟಿ ಪದರವಾಗಿರುತ್ತದೆ. ಜಿಡ್ಡು ತೆಗೆಯಲೆಂದೇ ಇರುವ ಪುಡಿಗೆ ಅದೂ ಜಿಡ್ಡೇ. ಮರುದಿನ ಕಾವಲಿ ತುಕ್ಕು, ದೋಸೆ ಚಿಂದಿ. ಮರದ ಸೌಟು ನೀರು ಹೀರಿ, ಒಣಗುವಾಗ ಸೀಳುತ್ತದೆ. ಒಳ್ಳೆಯ ಚಾಕುವಿನ ಅಲಗು ಮೊಂಡಾಗುತ್ತದೆ.

2020ರ ಲಾಕ್‌ಡೌನ್‌ನಲ್ಲಿ ಮನೆಕೆಲಸದವರು ಬರುವುದು ನಿಂತಾಗ ಭಾರತದ ನಗರಗಳಲ್ಲಿ ಈ ಯಂತ್ರಕ್ಕೆ ದಿಢೀರ್ ಬೇಡಿಕೆ ಬಂತು. ಇಲ್ಲಿನ ಬಾಣಲೆಗಳ ಹಟಮಾರಿ ಜಿಡ್ಡಿಗೆಂದೇ ಕಡಾಯಿ ಹೆಸರಿನ ಪ್ರೋಗ್ರಾಂ ಇರುವ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಬೆಂಗಳೂರಿನವರಿಗೆ ಬೋರ್‌ವೆಲ್‌ನ ಗಡಸು ನೀರಿನ ತಾಪತ್ರಯ ಬೇರೆ. ಅದನ್ನು ಮೆದು ಮಾಡಲು ಯಂತ್ರಕ್ಕೆ ಉಪ್ಪು ಹಾಕುತ್ತಲೇ ಇರಬೇಕು. ಹಾಗೆಂದು ತೀರಾ ಮೆದುವಾದರೂ ಕಷ್ಟ. ಕ್ಷಾರದ ಜೊತೆ ಸೇರಿ ಗಾಜನ್ನೇ ಕೊರೆಯುತ್ತದೆ. ಮಬ್ಬಾದ ಲೋಟಕ್ಕೆ ವಿನೆಗರ್ ಉಜ್ಜಿ ನೋಡಬಹುದು: ಮಬ್ಬು ಹೋದರೆ ಬರೀ ಸುಣ್ಣದ ಕಲೆ, ಉಳಿದರೆ ಗಾಜೇ ಸವೆದಿದೆ ಎಂದರ್ಥ. ಸವೆದ ಲೋಟಕ್ಕೆ ಮದ್ದಿಲ್ಲ.

ಹಾಗಾಗಿ ಯಂತ್ರ ಬಂದ ಮನೆಯಲ್ಲೂ ಸಿಂಕ್ ಖಾಲಿಯಾಗುವುದಿಲ್ಲ. ಸ್ಟೀಲ್ ಕುಕ್ಕರ್ ಒಳಗೆ ಹೋದರೂ ಅದರ ಗ್ಯಾಸ್ಕೆಟ್ ಮತ್ತು ವೇಟ್‌ಗೆ ಕೈತೊಳೆತವೇ ಕ್ಷೇಮ. ಬ್ಲೇಡಿನ ಬುಡದ ಬುಷ್‌ಗೆ ನೀರಿಳಿಯಬಾರದೆಂದು ಮಿಕ್ಸಿ ಜಾರ್ ಕೂಡ ಹೊರಗೇ ಉಳಿಯುತ್ತದೆ.