ಬೆಕ್ಕಿಗೆ ಪಾಠ ಹೇಳಬಹುದೇ?

ಬೆಕ್ಕಿಗೆ ಪಾಠ ಹೇಳಬಹುದೇ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಪ್ರಶ್ನೆ ಬರಿಯ ವಿನೋದವಾಗಿ ತೋರಬೇಕಿತ್ತು. ಆದರೆ ನಿವೃತ್ತನಾದ ಮೇಲೆ ನಮ್ಮ ಮನೆಯ ಬೆಕ್ಕೇ ಇದನ್ನು ಗಂಭೀರವಾಗಿ ನನ್ನ ಮುಂದಿಟ್ಟಿತು.

ತಾವೆಲ್ಲರೂ ಬಲ್ಲ ತೆನಾಲಿ ರಾಮಕೃಷ್ಣನ ಕಥೆಯನ್ನು ನೆನೆಯೋಣ. ಬೆಕ್ಕನ್ನು ಹಾಲೆರೆದು ಸಾಕಲೆಂದು ಅರಸನು ಹಸುವನ್ನು ಕೊಟ್ಟರೆ, ರಾಮಕೃಷ್ಣನು ಬೆಕ್ಕಿನ ಮುಂದೆ ಕುದಿಯುವ ಹಾಲನ್ನಿಟ್ಟನಂತೆ. ಬಾಯಿ ಸುಟ್ಟುಕೊಂಡ ಆ ಪ್ರಾಣಿ ಮತ್ತೆಂದೂ ಹಾಲಿನ ಬಳಿ ಸುಳಿಯಲಿಲ್ಲ. ಕೇಳಿ ನಾವು ನಗುತ್ತೇವೆ. ಪಾಠ ಒಂದೇ ದಿನಕ್ಕೆ ಮುಗಿಯಿತು, ನಿಜ. ಆದರೆ ಬೆಕ್ಕು ಕಲಿತದ್ದು ಭಯವೊಂದನ್ನೇ.

ನಾನು ಮಾಡಿದ್ದೂ ಅದನ್ನೇ. ನಮ್ಮ ಬೆಕ್ಕು ನನ್ನ ಬೆತ್ತದ ಕುರ್ಚಿಯನ್ನು ಪರಚುತ್ತಿತ್ತು. ಕಂಡಾಗಲೆಲ್ಲ ಮಡಿಸಿದ ಪತ್ರಿಕೆಯಿಂದ ಒಂದೇಟು ಕೊಟ್ಟೆ. ತಿಂಗಳೊಂದು ಕಳೆಯುವಷ್ಟರಲ್ಲಿ ಫಲಿತಾಂಶ ಬಂದಿತು: ನಾನಿದ್ದಾಗ ಬೆಕ್ಕು ಕೋಣೆಗೆ ಬಾರದು, ನಾನಿಲ್ಲದಾಗ ಕುರ್ಚಿಯನ್ನು ಬಿಡದು.

ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಅವರು ಹಸಿದ ಬೆಕ್ಕುಗಳನ್ನು ಪೆಟ್ಟಿಗೆಗಳಲ್ಲಿಟ್ಟು, ಹೊರಗೆ ಆಹಾರವಿರಿಸಿ, ಅವು ಹೊರಬರುವ ಬಗೆಯನ್ನು ಪರೀಕ್ಷಿಸಿ 1898ರಲ್ಲಿ ಪ್ರಕಟಿಸಿದರು. ಒದ್ದಾಡುತ್ತಿರುವಾಗ ಆಕಸ್ಮಿಕವಾಗಿ ಹಗ್ಗದ ಕುಣಿಕೆ ಎಳೆದರೆ ಬಾಗಿಲು ತೆರೆಯುವುದು. ಸಲದಿಂದ ಸಲಕ್ಕೆ ಬೆಕ್ಕು ತೆಗೆದುಕೊಳ್ಳುವ ಕಾಲ ಕಡಮೆಯಾಗುತ್ತ ಬಂದಿತು. ಪಂಜವನ್ನು ಹಿಡಿದು ಕೆಲಸ ಮಾಡಿಸಿ ತೋರಿಸಿದ್ದರಿಂದ ಪ್ರಯೋಜನವಾಗಲಿಲ್ಲ. ತಾನೇ ಮಾಡಿ ಫಲವುಂಡದ್ದು ಮಾತ್ರ ಬೆಕ್ಕಿಗೆ ನಿಂತಿತು. ಶಿಕ್ಷೆಗೂ ಬಹುಮಾನದಷ್ಟೇ ಬಲವುಂಟೆಂದು ಮೊದಲು ನಂಬಿದ್ದ ಅವರು, ಮುಂದಿನ ಪ್ರಯೋಗಗಳ ಬಳಿಕ 1930ರ ದಶಕದಲ್ಲಿ ಆ ಮಾತನ್ನು ತಾವೇ ತಿದ್ದಿಕೊಂಡರು. ಅವರು ಉಪಾಧ್ಯಾಯರನ್ನು ತಯಾರಿಸುವ ಕಾಲೇಜಿನ ಪ್ರಾಧ್ಯಾಪಕರಾಗಿದ್ದರು ಎಂಬುದು ಗಮನಾರ್ಹ.

ನನ್ನ ಪತ್ನಿ ಥಾರ್ನ್‌ಡೈಕರನ್ನು ಓದಿದವಳಲ್ಲ. ಆಕೆ ಒಂದು ಮರದ ತುಂಡಿಗೆ ತೆಂಗಿನ ನಾರಿನ ಹಗ್ಗ ಸುತ್ತಿ ಕುರ್ಚಿಯ ಪಕ್ಕದಲ್ಲಿ ನಿಲ್ಲಿಸಿದಳು. ಪರಚುವುದು ಬೆಕ್ಕಿನ ಹುಟ್ಟುಗುಣ: ಉಗುರಿನ ಹಳೆಯ ಪೊರೆ ಕಳಚಬೇಕು, ಮೈಯನ್ನು ನೀಳಬೇಕು, ಅಂಗಾಲಿನ ಗ್ರಂಥಿಗಳ ವಾಸನೆಯಿಂದ ತನ್ನ ಠಾವನ್ನು ಗುರುತಿಸಬೇಕು. ಅದನ್ನು ನಿಷೇಧಿಸಲಾಗದು, ಬೇರೊಂದು ಜಾಗ ತೋರಿಸಬಹುದು. ಬೆಕ್ಕು ಹಗ್ಗಕ್ಕೆ ಪಂಜವಿಟ್ಟೊಡನೆ ಆಕೆ ಕಡಲೆಕಾಳಿನಷ್ಟು ಬೆಣ್ಣೆ ಕೊಡುವಳು. ‘ಒಡನೆ’ ಎಂಬುದೇ ಇಲ್ಲಿಯ ರಹಸ್ಯ. ತಡವಾಗಿ ಬಂದ ಬಹುಮಾನ ಯಾವುದಕ್ಕೆಂದು ಬೆಕ್ಕಿಗೆ ತಿಳಿಯದು. ಪಾಠವೂ ಊಟಕ್ಕೆ ಮುಂಚೆ, ಎರಡು ಮೂರು ನಿಮಿಷ ಮಾತ್ರ. ಕೆಲವೇ ವಾರಗಳಲ್ಲಿ ಕುರ್ಚಿಗೆ ಬಿಡುಗಡೆಯಾಯಿತು.

ನಾಯಿಯಂತೆ ಬೆಕ್ಕು ಹೇಳಿದ್ದನ್ನು ಕೇಳುವುದೇ ಎಂದರೆ, ಇಲ್ಲ. ನಾಯಿಯ ಪೂರ್ವಜರು ಗುಂಪಿನಲ್ಲಿ ಬಾಳಿದವರು. ಬೆಕ್ಕಿನ ಪೂರ್ವಜರು ಒಂಟಿ ಬೇಟೆಗಾರರು, ಇಲಿಗಳ ಬೆನ್ನುಹತ್ತಿ ಮನುಷ್ಯನ ಕಣಜಕ್ಕೆ ತಾವಾಗಿ ಬಂದವರು. ಬೆಕ್ಕು ತನ್ನ ಹೆಸರನ್ನು ಇತರ ಶಬ್ದಗಳಿಂದ ಬೇರ್ಪಡಿಸಿ ಗುರುತಿಸಬಲ್ಲದೆಂದು ಜಪಾನಿನ ಸಂಶೋಧಕರು 2019ರಲ್ಲಿ ತೋರಿಸಿದ್ದಾರೆ. ಗುರುತಿಸಿದ ಮೇಲೆ ಬರುವುದು ಬಿಡುವುದು ಅದರ ಇಚ್ಛೆ.

ನನ್ನ ಕೋಣೆಗೆ ನಮ್ಮ ಬೆಕ್ಕು ಮರಳಿ ಬರಲು ಮಾತ್ರ ಮೂರು ತಿಂಗಳು ಹಿಡಿಯಿತು. ಹೊಸ್ತಿಲ ಮೇಲೆ ಅದು ಅನುಮಾನಿಸುತ್ತ ನಿಂತಾಗ ನನಗೆ ಒಬ್ಬ ವಿದ್ಯಾರ್ಥಿ ನೆನಪಾಗುತ್ತಿದ್ದ. ಛಂದಸ್ಸಿನ ತರಗತಿಯಲ್ಲಿ ಏನೋ ತಪ್ಪು ಪ್ರಶ್ನೆ ಕೇಳಿದ. ನಾನು ಎಲ್ಲರೆದುರು ಹಾಸ್ಯ ಮಾಡಿದೆ. ವರ್ಷ ಮುಗಿಯುವವರೆಗೆ ಅವನು ಬಾಯಿ ತೆರೆಯಲಿಲ್ಲ. ಆ ಮೌನವನ್ನು ನಾನು ಶಿಸ್ತು ಎಂದುಕೊಂಡಿದ್ದೆ. ಬೆಕ್ಕಿನೊಡನೆ ಬೆಣ್ಣೆ ಕೊಟ್ಟು ರಾಜಿಯಾದೆ. ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು.