ಆಟಕ್ಕೂ ಉಂಟು, ಲೆಕ್ಕಕ್ಕೂ ಉಂಟು

‘ಆಟಕ್ಕುಂಟು, ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಕೇಳದ ಕನ್ನಡಿಗರು ವಿರಳ. ಮಕ್ಕಳ ಆಟದ ಅಂಗಳಕ್ಕೆ ಸೇರಿದ ಮಾತದು. ಅಣ್ಣ ಅಕ್ಕಂದಿರು ಆಡುತ್ತಿರುವಾಗ ಮೂರು ನಾಲ್ಕು ವರ್ಷದ ತಮ್ಮನೊಬ್ಬ ತಾನೂ ಆಡುವೆನೆಂದು ಹಟ ಹಿಡಿಯುತ್ತಾನೆ. ಬಿಟ್ಟರೆ ಅವನು ಅಳುತ್ತಾನೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಮಕ್ಕಳೇ ಒಂದು ಉಪಾಯ ಕಂಡುಕೊಳ್ಳುತ್ತಾರೆ. ಅವನು ಓಡಬಹುದು, ಕೂಗಬಹುದು, ಚೆಂಡಿನ ಹಿಂದೆ ಅಲೆಯಬಹುದು; ಆದರೆ ಅವನು ಔಟಾದರೆ ಔಟಲ್ಲ, ಮುಟ್ಟಿದರೆ ಮುಟ್ಟಿದಂತಲ್ಲ. ಪುಟ್ಟ ಮಗುವಿಗೆ ಅಷ್ಟರಿಂದಲೇ ಸಂತೋಷ. ಎರಡು ವರ್ಷ ಕಳೆದರೆ ಅವನೂ ಲೆಕ್ಕಕ್ಕೆ ಬರುತ್ತಾನೆ. ಎಷ್ಟು ವರ್ಷ ಕಳೆದರೂ ಲೆಕ್ಕಕ್ಕೆ ಬಾರದೆ ಉಳಿಯುವ ಮಕ್ಕಳೂ ಇದ್ದಾರೆ.

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ದರೋಜಿಯನ್ನು ನಾಡಿನ ಜನ ಕರಡಿಧಾಮದ ಹೆಸರಿನಿಂದ ಬಲ್ಲರು. ವಿಸ್ತಾರವಾದ ಕೆರೆ, ಅದರ ಕೆಳಗೆ ಹಸಿರು ಗದ್ದೆ, ಆಚೆಗೆ ಬಂಡೆಗಳ ಗುಡ್ಡ, ಕುರುಚಲು ಕಾಡು. ಇಂತಹ ಸೀಮೆಯ ಊರುಗಳಲ್ಲಿ ಶಾಲೆಯ ಆಟದ ಬಯಲೆಂದರೆ ಗರಸು ಹರಡಿದ ನೆಲ, ಅಂಚಿನಲ್ಲಿ ಜಾಲಿಯ ಪೊದೆ, ಒಂದು ಬೇವಿನ ಮರ. ಆಟದ ಗಂಟೆ ಬಾರಿಸಿದೊಡನೆ ಮಕ್ಕಳೆಲ್ಲರೂ ಬಯಲಿಗೆ ಓಡುತ್ತಾರೆ. ಮರದ ನೆರಳಿನಲ್ಲಿ ಒಬ್ಬಿಬ್ಬರು ಉಳಿಯುತ್ತಾರೆ. ಒಬ್ಬನ ಕಾಲಿನಲ್ಲಿ ಬಲವಿಲ್ಲ. ಇನ್ನೊಬ್ಬಳಿಗೆ ದೃಷ್ಟಿ ಮಂದ. ಮತ್ತೊಬ್ಬನಿಗೆ ಹೇಳಿದ್ದು ಗ್ರಹಿಕೆಗೆ ಬರಲು ಹೆಚ್ಚು ಹೊತ್ತು ಬೇಕು. ಅವರಿಗೆ ಚಪ್ಪಲಿಗಳನ್ನೂ ಪುಸ್ತಕದ ಚೀಲಗಳನ್ನೂ ನೋಡಿಕೊಳ್ಳುವ ಕೆಲಸ. ಹೆಚ್ಚೆಂದರೆ ಹಲಗೆಯ ಮೇಲೆ ಅಂಕ ಬರೆಯುವ ಕೆಲಸ. ಎಲ್ಲರ ಲೆಕ್ಕವನ್ನು ಬರೆಯುವ ಬಾಲಕ ತಾನು ಮಾತ್ರ ಆ ಲೆಕ್ಕದಲ್ಲಿಲ್ಲ. ಇದು ದರೋಜಿಯ ಸೀಮೆಗಷ್ಟೇ ಸಲ್ಲುವ ಚಿತ್ರವಲ್ಲ. ನಾಡಿನ ಯಾವ ಮೂಲೆಯ ಶಾಲೆಯಲ್ಲಿಯೂ ಕಾಣಬಹುದಾದುದು. ಇದರಲ್ಲಿ ಯಾರ ದುರುದ್ದೇಶವೂ ಇರುವುದಿಲ್ಲ. ಬಿದ್ದು ಪೆಟ್ಟಾದೀತೆಂದು ತಾಯಿತಂದೆಯರಿಗೆ ಭಯ, ಹೊಣೆ ತನ್ನ ಮೇಲೆ ಬಂದೀತೆಂದು ಉಪಾಧ್ಯಾಯರಿಗೆ ಸಂಕೋಚ, ತಮ್ಮ ಪಕ್ಷ ಸೋತೀತೆಂದು ಗೆಳೆಯರಿಗೆ ಚಿಂತೆ.

ವಿಶ್ವಸಂಸ್ಥೆ ೨೦೦೬ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯಲ್ಲಿ ಆಟ ಮತ್ತು ವಿನೋದಗಳಿಗೂ ಸ್ಥಾನವಿದೆ. ಭಾರತವು ೨೦೧೬ರಲ್ಲಿ ಮಾಡಿದ ಕಾಯಿದೆಯು, ಶಾಲೆಗಳು ಇಂತಹ ಮಕ್ಕಳಿಗೆ ವಿದ್ಯೆಯನ್ನಲ್ಲದೆ ಕ್ರೀಡೆಯ ಅವಕಾಶವನ್ನೂ ಇತರರೊಡನೆ ಸಮಾನವಾಗಿ ಒದಗಿಸಬೇಕೆಂದು ವಿಧಿಸಿದೆ. ಆದರೆ ಕಾಯಿದೆ ಮಗುವನ್ನು ಬಯಲಿನ ಅಂಚಿನವರೆಗೆ ತರಬಲ್ಲದು. ಅಲ್ಲಿಂದ ಆಟದೊಳಕ್ಕೆ ಕರೆತರಬೇಕಾದುದು ಆಟದ ನಿಯಮ.

ಆಟದ ನಿಯಮಗಳು ಅಚಲವಾದುವೆಂಬ ಭಾವನೆ ಸಾಮಾನ್ಯವಾಗಿದೆ. ಹಳ್ಳಿಯ ಮಕ್ಕಳು ಮಾತ್ರ ಹಾಗೆ ತಿಳಿದಿಲ್ಲ. ಚೆಂಡು ಜಾಲಿಯ ಪೊದೆಗೆ ಬಿದ್ದರೆ ಎರಡೇ ಓಟ. ಕೆರೆಯ ನೀರಿಗೆ ಬಿದ್ದರೆ ದಾಂಡಿಗ ಔಟು, ಚೆಂಡನ್ನು ಹುಡುಕಿ ತರುವ ಹೊಣೆಯೂ ಅವನದೇ. ಇಬ್ಬರು ಕಡಮೆಯಾದರೆ ಒಬ್ಬನೇ ಎರಡೂ ಪಕ್ಷಕ್ಕೆ ಚೆಂಡು ಹಿಡಿಯುತ್ತಾನೆ. ನೆಲಕ್ಕೆ, ಜನಕ್ಕೆ, ಹೊತ್ತಿಗೆ ತಕ್ಕಂತೆ ನಿಯಮವನ್ನು ಹೊಂದಿಸಿಕೊಳ್ಳುವುದು ಅವರಿಗೆ ಕರತಲಾಮಲಕ. ಕಾಲಿಲ್ಲದವನಿಗಾಗಿ, ಕಣ್ಣಿಲ್ಲದವನಿಗಾಗಿ ನಿಯಮ ಬದಲಾಯಿಸಬೇಕೆಂದಾಗ ಮಾತ್ರ ‘ಹಾಗಾದರೆ ಅದು ಆಟವೇ ಅಲ್ಲ’ ಎಂಬ ಆಕ್ಷೇಪಣೆ ಕೇಳಿಬರುತ್ತದೆ. ಈ ಆಕ್ಷೇಪಣೆಗೆ ಅಂಧರ ಕ್ರಿಕೆಟ್ಟು ಒಳ್ಳೆಯ ಉತ್ತರ ಕೊಡುತ್ತದೆ.

ಈ ಆಟ ಆರಂಭವಾದುದು ೧೯೨೨ರಲ್ಲಿ, ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ. ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಇಬ್ಬರು ಅಂಧರು ತಗಡಿನ ಡಬ್ಬಿಯೊಳಗೆ ಕಲ್ಲಿನ ಚೂರುಗಳನ್ನು ತುಂಬಿ ಅದನ್ನೇ ಚೆಂಡಾಗಿ ಮಾಡಿಕೊಂಡು ಆಡಿದರೆಂದು ಅದರ ಚರಿತ್ರೆ ಹೇಳುತ್ತದೆ. ಇಂದು ಭಾರತದಲ್ಲಿ ಬಳಕೆಯಲ್ಲಿರುವುದು ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿಯ ಚೆಂಡು. ಅದರೊಳಗೆ ಲೋಹದ ಸಣ್ಣ ಗುಂಡುಗಳಿರುತ್ತವೆ. ನೆಲದ ಮೇಲೆ ಉರುಳುವಾಗ ಅವು ಗಲಗಲನೆ ಸದ್ದು ಮಾಡುತ್ತವೆ. ಚೆಂಡು ಗಾಳಿಯಲ್ಲಿ ತೇಲಿ ಬಂದರೆ ಕಿವಿಗೆ ಅದರ ದಾರಿ ತಿಳಿಯದು. ಆದುದರಿಂದ ಎಸೆಯುವವನು ಕೈಯನ್ನು ಭುಜದ ಮೇಲೆತ್ತದೆ ಕೆಳಗಿನಿಂದಲೇ ಎಸೆಯಬೇಕು, ಚೆಂಡು ಅಂಕಣದ ನಡುಭಾಗವನ್ನು ದಾಟುವ ಮೊದಲೇ ನೆಲಕ್ಕೆ ತಾಗಿರಬೇಕು. ಎಸೆಯುವ ಮುನ್ನ ಅವನು ‘ರೆಡಿ?’ ಎಂದು ಕೇಳಬೇಕು. ದಾಂಡಿಗ ‘ಯೆಸ್’ ಎಂದ ಮೇಲೆ ‘ಪ್ಲೇ’ ಎಂದು ಕೂಗಿ ಚೆಂಡನ್ನು ಬಿಡಬೇಕು. ಎದುರಾಳಿಗೆ ತಿಳಿಸಿಯೇ ಬಾಣ ಬಿಡುವ ಹಳೆಯ ಯುದ್ಧಧರ್ಮದಂತಿದೆ ಈ ಕ್ರಮ.

ಕಿವಿಯ ಬಲದಿಂದ ಎಷ್ಟು ದೊಡ್ಡ ಕೆಲಸ ಸಾಧ್ಯವೆಂಬುದು ದರೋಜಿಯವರಿಗೆ ಹೊಸ ಸಂಗತಿಯಲ್ಲ. ೨೦೧೪ರಲ್ಲಿ ತೀರಿಕೊಂಡ ಬುರ್ರಕಥೆಯ ಕಲಾವಿದೆ ದರೋಜಿ ಈರಮ್ಮನವರು ಪುಸ್ತಕದ ನೆರವಿಲ್ಲದೆ, ಕೇಳಿ ಕಲಿತ ದೀರ್ಘ ಕಥನಕಾವ್ಯಗಳನ್ನು ನೆನಪಿನಿಂದಲೇ ಹಾಡಿದವರು.

ಸದ್ದಿನ ಚೆಂಡು ಈ ಆಟದ ಹೊರಗಿನ ಬದಲಾವಣೆ ಮಾತ್ರ. ಇದಕ್ಕಿಂತ ಹೆಚ್ಚಿನ ಜಾಣತನವಿರುವುದು ತಂಡವನ್ನು ಕಟ್ಟುವ ನಿಯಮದಲ್ಲಿ. ಅಂಧರೆಲ್ಲರೂ ಒಂದೇ ಬಗೆಯವರಲ್ಲ. ಏನೂ ಕಾಣದವರು ಮೊದಲನೆಯ ವರ್ಗ. ಅಸ್ಪಷ್ಟವಾಗಿ ಕಾಣುವವರು ಎರಡನೆಯ ವರ್ಗ. ಅವರಿಗಿಂತ ತುಸು ಚೆನ್ನಾಗಿ ಕಾಣುವವರು ಮೂರನೆಯ ವರ್ಗ. ಹನ್ನೊಂದು ಮಂದಿಯನ್ನು ನಾಯಕನ ಇಷ್ಟಕ್ಕೆ ಬಿಟ್ಟಿದ್ದರೆ ಅವನು ಮೂರನೆಯ ವರ್ಗದವರನ್ನೇ ಆರಿಸಿ ತಂಡ ಕಟ್ಟುತ್ತಿದ್ದ. ಅಂಧರ ಆಟದಲ್ಲಿಯೂ ಏನೂ ಕಾಣದವನಿಗೆ ಮರದ ನೆರಳೇ ಗತಿಯಾಗುತ್ತಿತ್ತು. ಹಾಗಾಗದಂತೆ ನಿಯಮವೇ ಕಾದಿದೆ. ತಂಡದಲ್ಲಿ ಸಂಪೂರ್ಣ ಅಂಧರು ನಾಲ್ವರಾದರೂ ಇರಬೇಕು. ಮೂರನೆಯ ವರ್ಗದವರು ನಾಲ್ವರನ್ನು ಮೀರಬಾರದು. ಪಕ್ಷದ ಒಟ್ಟು ಓವರುಗಳಲ್ಲಿ ನೂರಕ್ಕೆ ೪೦ರಷ್ಟನ್ನು ಸಂಪೂರ್ಣ ಅಂಧರೇ ಎಸೆಯಬೇಕು. ೨೦ ಓವರುಗಳ ಪಂದ್ಯದಲ್ಲಿ ಅವರ ಪಾಲು ೮ ಓವರು. ಅಂತಹವನು ಚೆಂಡನ್ನು ನೆಲಕ್ಕೆ ಒಮ್ಮೆ ಪುಟಿದ ಮೇಲೆ ಹಿಡಿದರೂ ಕ್ಯಾಚೆಂದು ಪರಿಗಣಿಸಲಾಗುತ್ತದೆ. ಅವನು ದಾಂಡು ಹಿಡಿದಾಗ ಅವನ ಪರವಾಗಿ ಓಡಲು ಮತ್ತೊಬ್ಬನಿರುತ್ತಾನೆ. ಅವನು ಗಳಿಸಿದ ಪ್ರತಿಯೊಂದು ಓಟವೂ ಪಕ್ಷದ ಲೆಕ್ಕಕ್ಕೆ ಎರಡಾಗಿ ಸೇರುತ್ತದೆ.

ಒಂದು ಓಟವನ್ನು ಎರಡೆಂದು ಎಣಿಸುವುದು ಕನಿಕರದಿಂದ ಕೊಟ್ಟ ದಾನವೆಂದು ಮೇಲುನೋಟಕ್ಕೆ ತೋರಬಹುದು. ಸ್ವಲ್ಪ ಯೋಚಿಸಿದರೆ ಅದರ ಪರಿಣಾಮ ಬೇರೆಯೇ ಎಂಬುದು ತಿಳಿಯುತ್ತದೆ. ಈ ನಿಯಮದಿಂದಾಗಿ ಏನೂ ಕಾಣದ ಆಟಗಾರನು ನಾಯಕನಿಗೆ ಹೊರೆಯಾಗದೆ ಬೇಕಾದವನಾಗುತ್ತಾನೆ. ಅವನಿಗೆ ಚೆನ್ನಾಗಿ ಆಡುವುದನ್ನು ಕಲಿಸಿದರೆ ಪಕ್ಷಕ್ಕೇ ಲಾಭ. ಅವನನ್ನು ಅಲಕ್ಷಿಸಿದರೆ ಪಕ್ಷಕ್ಕೇ ನಷ್ಟ. ಆದುದರಿಂದ ಗೆಳೆಯರು ಅವನೊಡನೆ ಅಭ್ಯಾಸ ಮಾಡುತ್ತಾರೆ, ಅವನ ತಪ್ಪಿಗೆ ಗದರುತ್ತಾರೆ, ಅವನು ಔಟಾದಾಗ ನಿಜವಾಗಿ ಕೊರಗುತ್ತಾರೆ. ದಯೆ ತೋರಬೇಕೆಂದು ಯಾರಿಗೂ ಉಪದೇಶ ಮಾಡಬೇಕಾದುದಿಲ್ಲ. ದಯೆಯಾದರೋ ಪಂದ್ಯ ಬಿಗಿಯಾದಾಗ ಮರೆತುಹೋಗುವ ವಸ್ತು!

ಈ ಕ್ರೀಡೆಯ ಬೆಳವಣಿಗೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. ಅಂಧರಾದ ಮಹಾಂತೇಶ ಜಿ. ಕೆ. ಅವರು ತಮ್ಮ ಗೆಳೆಯರೊಡಗೂಡಿ ೧೯೯೭ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಸಮರ್ಥನಂ ಸಂಸ್ಥೆಯು ಈ ಆಟಕ್ಕೆ ಆಧಾರವಾಗಿ ನಿಂತಿತು. ೨೦೧೨ರ ಡಿಸೆಂಬರ್ ತಿಂಗಳಿನಲ್ಲಿ ಅಂಧರ ಮೊದಲ ಟಿ-೨೦ ವಿಶ್ವಕಪ್ ಪಂದ್ಯಾವಳಿ ನಡೆದುದು ಬೆಂಗಳೂರಿನಲ್ಲಿಯೇ. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನವನ್ನು ೨೯ ಓಟಗಳಿಂದ ಸೋಲಿಸಿದ ಭಾರತ ತಂಡಕ್ಕೆ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕರಾಗಿದ್ದರು. ಹುಟ್ಟಿನಿಂದ ಕಣ್ಣು ಕಾಣದಿದ್ದ ಅವರಿಗೆ ಬಾಲ್ಯದಲ್ಲಿ ನಡೆದ ಶಸ್ತ್ರಚಿಕಿತ್ಸೆಯಿಂದ ಒಂದು ಕಣ್ಣಿನಲ್ಲಿ ಸ್ವಲ್ಪ ದೃಷ್ಟಿ ಬಂದಿತ್ತು. ಅವರು ಆಟ ಕಲಿತುದು ಶಿವಮೊಗ್ಗದ ಅಂಧರ ಶಾಲೆಯಲ್ಲಿ. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ೨೦೨೫ರ ನವೆಂಬರ್ ತಿಂಗಳಿನಲ್ಲಿ ಅಂಧ ಮಹಿಳೆಯರ ಮೊದಲ ಟಿ-೨೦ ವಿಶ್ವಕಪ್ಪನ್ನು ಭಾರತ ಗೆದ್ದಿತು. ಕೊಲಂಬೊದಲ್ಲಿ ನೇಪಾಳವನ್ನು ಏಳು ವಿಕೆಟ್ಟುಗಳಿಂದ ಮಣಿಸಿದ ಆ ತಂಡದ ನಾಯಕಿ ಟಿ. ಸಿ. ದೀಪಿಕಾ, ಕರ್ನಾಟಕ ಮತ್ತು ಆಂಧ್ರದ ಗಡಿಸೀಮೆಯ ಹಳ್ಳಿಯವರು.

ಆದರೆ ಇದು ದೃಷ್ಟಿಯ ತೊಡಕಿರುವವರೇ ಕೂಡಿ ಆಡುವ ಆಟ. ಹಳ್ಳಿಯ ಶಾಲೆಯೊಂದರಲ್ಲಿ ಇರುವುದು ನಾನಾ ಬಗೆಯ ತೊಡಕಿನ ಇಬ್ಬರು ಮೂವರು. ಉಳಿದವರೆಲ್ಲರೂ ತೊಡಕಿಲ್ಲದ ಮಕ್ಕಳು. ಇವರೆಲ್ಲರನ್ನೂ ಕೂಡಿಸಿ ಒಂದು ತಂಡ ಕಟ್ಟುವುದು ಹೇಗೆಂಬ ಪ್ರಶ್ನೆಗೆ ಸ್ಪೆಷಲ್ ಒಲಿಂಪಿಕ್ಸ್ ಸಂಸ್ಥೆಯ ಅನುಭವ ನೆರವಾಗುತ್ತದೆ. ಬುದ್ಧಿಯ ಬೆಳವಣಿಗೆಯಲ್ಲಿ ತೊಡಕಿರುವವರಿಗಾಗಿ ಯೂನಿಸ್ ಕೆನಡಿ ಶ್ರೈವರ್ ಎಂಬ ಮಹಿಳೆಯ ಮುಂದಾಳುತನದಲ್ಲಿ ೧೯೬೮ರಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಅದರ ಮೊದಲ ಕ್ರೀಡಾಕೂಟ ನಡೆಯಿತು. ೧೯೮೯ರಿಂದ ಆ ಸಂಸ್ಥೆ ತೊಡಕಿರುವವರನ್ನೂ ಇಲ್ಲದವರನ್ನೂ ಒಂದೇ ತಂಡದಲ್ಲಿ ಆಡಿಸುವ ಪದ್ಧತಿಯನ್ನು ರೂಢಿಗೆ ತಂದಿತು. ಬಾಸ್ಕೆಟ್‌ಬಾಲ್ ಆಟದಲ್ಲಿ ಅಂಕಣದೊಳಗಿನ ಐವರಲ್ಲಿ ತೊಡಕಿರುವವರು ಮೂವರು, ಜೊತೆಗಾರರು ಇಬ್ಬರು. ವಯಸ್ಸು ಮತ್ತು ಆಟದ ಶಕ್ತಿಯಲ್ಲಿ ಅವರು ಒಬ್ಬರಿಗೊಬ್ಬರು ಸಮೀಪದವರಾಗಿರಬೇಕು. ಜೊತೆಗಾರರು ಚೆಂಡನ್ನು ತಮ್ಮತಮ್ಮಲ್ಲೇ ಆಡಿಸಿ ಪಂದ್ಯವನ್ನು ತಾವೇ ಗೆದ್ದುಕೊಡುವುದನ್ನು ಅಲ್ಲಿ ದೋಷವೆಂದೇ ಎಣಿಸುತ್ತಾರೆ. ಚುರುಕಾದ ಹುಡುಗನಿಗೆ ಈ ನಿಯಮ ತಾಳ್ಮೆಯ ಪರೀಕ್ಷೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಎದುರಾಳಿಗಳು ಬೇಕೆಂದೇ ಚೆಂಡನ್ನು ಬಿಟ್ಟುಕೊಟ್ಟು ಗೆಲ್ಲಿಸಿದರೆ ಮಗುವಿಗೆ ಅದು ತಿಳಿಯದೆ ಹೋಗುವುದಿಲ್ಲ. ಸೋಲುವ ಹಕ್ಕು ಇಲ್ಲದವನ ಗೆಲುವಿಗೆ ರುಚಿಯಿಲ್ಲ.

ಹೊರನಾಡಿನ ಆಟಗಳೇ ಬೇಕೆಂದೇನೂ ಇಲ್ಲ. ಖೋ ಖೋ ಆಟದಲ್ಲಿ ಬೆನ್ನಟ್ಟುವವನು ಕುಳಿತವನ ಬೆನ್ನನ್ನು ಮುಟ್ಟಬೇಕು, ಜೊತೆಗೆ ‘ಖೋ’ ಎಂದು ಗಟ್ಟಿಯಾಗಿ ಕೂಗಲೂಬೇಕು. ಕಿವಿ ಕೇಳದವನಿಗೆ ಸ್ಪರ್ಶ, ಕಣ್ಣು ಕಾಣದವನಿಗೆ ದನಿ: ಇಬ್ಬರಿಗೂ ಬೇಕಾದ ಸೂಚನೆ ಹಳೆಯ ನಿಯಮದಲ್ಲಿಯೇ ಅಡಗಿದೆ. ಕಬಡ್ಡಿಯಲ್ಲಿ ದಾಳಿಗೆ ಬಂದವನು ಬಾಯಿ ಮುಚ್ಚುವಂತಿಲ್ಲ. ಉಸಿರು ಬಿಡದೆ ‘ಕಬಡ್ಡಿ, ಕಬಡ್ಡಿ’ ಎನ್ನುತ್ತಿರಬೇಕು. ಅವನು ಎಲ್ಲಿರುವನೆಂಬುದು ಕಾಣದವನಿಗೂ ಗೊತ್ತಾಗುತ್ತದೆ. ಹಿಡಿಯುವವರು ಕೈಕೈ ಕೋಸಿ ಸರಪಣಿಯಾಗಿ ನಿಲ್ಲುವ ವಾಡಿಕೆಯಿರುವುದರಿಂದ ಅವನು ದಿಕ್ಕು ತಪ್ಪುವ ಭಯವೂ ಕಡಮೆ. ಊರುಗೋಲಿನ ಆಧಾರದಿಂದ ನಡೆಯುವವರ ತೋಳುಗಳು ಹಲವು ವೇಳೆ ಬಹಳ ಬಲವಾಗಿರುತ್ತವೆ. ಅಂತಹವನು ಊರುಗೋಲನ್ನು ಅಂಕಣದ ಹೊರಗಿಟ್ಟು, ಕುಳಿತೇ ಎದುರಾಳಿಯ ಕಾಲು ಹಿಡಿದರೆ ಬಿಡಿಸಿಕೊಳ್ಳುವುದು ಎಲ್ಲರಿಂದಲೂ ಆಗದು. ವಾಲಿಬಾಲ್ ಆಟವನ್ನಂತೂ ಎಲ್ಲರೂ ನೆಲಕ್ಕೆ ಕುಳಿತು ಆಡುವ ಪದ್ಧತಿಯೇ ಇದೆ. ಅದಕ್ಕೆ ೧೦ ಮೀಟರ್ ಉದ್ದ, ೬ ಮೀಟರ್ ಅಗಲದ ಅಂಕಣ ಸಾಕು. ಬಲೆಯ ಎತ್ತರ ಪುರುಷರಿಗೆ ೧.೧೫ ಮೀಟರ್, ಮಹಿಳೆಯರಿಗೆ ೧.೦೫ ಮೀಟರ್. ಚೆಂಡನ್ನು ಆಡುವಾಗ ಸೊಂಟ ನೆಲ ಬಿಟ್ಟು ಏಳಬಾರದು. ಎರಡು ಕಾಲೂ ಗಟ್ಟಿಯಾಗಿರುವ ಹುಡುಗ ಮೊದಲ ದಿನ ಈ ಆಟದಲ್ಲಿ ಪಡುವ ಪಾಡನ್ನು ನೋಡಿಯೇ ತಿಳಿಯಬೇಕು.

ಇವುಗಳಿಗೆ ಹಣ ಹೆಚ್ಚು ಬೇಡ, ಮುನ್ನೆಚ್ಚರಿಕೆ ಬೇಕು. ಬಯಲಿನ ಗರಸನ್ನು ಗುಡಿಸಿ, ಕಲ್ಲು ಮುಳ್ಳುಗಳನ್ನು ಆರಿಸಿ, ನೆಲವನ್ನು ತಟ್ಟಿ ಸಮಮಾಡದಿದ್ದರೆ ಗಾಲಿಕುರ್ಚಿಯೂ ಚಲಿಸದು, ಕುಳಿತು ಆಡುವುದೂ ಆಗದು. ಗಡಿಗೆರೆಯ ಸುಣ್ಣದ ಕೆಳಗೆ ಹಗ್ಗವೊಂದನ್ನು ಹಾಸಿದರೆ ಕಾಣದವನ ಪಾದಕ್ಕೆ ಗೆರೆ ತಿಳಿಯುತ್ತದೆ. ಸದ್ದಿನ ಚೆಂಡು ದೊರೆಯದಿದ್ದರೆ ಬಟ್ಟೆಯ ಚೆಂಡಿನೊಳಗೆ ಗೆಜ್ಜೆಗಳನ್ನಿಟ್ಟು ಹೊಲಿಯಬಹುದು. ಸೀಟಿಯ ಜೊತೆಗೆ ಬಾವುಟವನ್ನೂ ಎತ್ತಿದರೆ ಕೇಳದವನೂ ಆ ಕ್ಷಣವೇ ನಿಲ್ಲುತ್ತಾನೆ. ಬಳ್ಳಾರಿ ಸೀಮೆಯ ಬಿಸಿಲಿನಲ್ಲಿ ಬೆಳಗಿನ ಹೊತ್ತೇ ಲೇಸು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕೆಲವರ ಕತ್ತಿನ ಮೂಳೆಗಳ ಕೀಲು ಸಡಿಲವಾಗಿರುವುದುಂಟು. ಅವರನ್ನು ಲಾಗ ಹಾಕಿಸುವ, ತಲೆಯಿಂದ ಚೆಂಡು ಹೊಡೆಯಿಸುವ ಮೊದಲು ವೈದ್ಯರನ್ನು ಕೇಳಲೇಬೇಕು. ಮೂರ್ಛೆ ರೋಗವಿರುವ ಮಗುವಿನ ವಿಷಯವನ್ನು ಆಡಿಸುವವರು ಮೊದಲೇ ತಿಳಿದಿರಬೇಕು. ಇನ್ನುಳಿದಂತೆ ಮಂಡಿ ತರಚುವುದು, ಬೀಳುವುದು, ಏಳುವುದು ಎಲ್ಲ ಮಕ್ಕಳಿಗೂ ಇದ್ದದ್ದೇ.

ತಾಲ್ಲೂಕು ಮಟ್ಟದ ಪಂದ್ಯಕ್ಕೆ ತಂಡ ಕಳುಹಿಸುವಾಗ ಶಾಲೆಯು ಚುರುಕಾದವರನ್ನೇ ಆರಿಸುತ್ತದೆ. ಆ ಪಂದ್ಯದ ನಿಯಮವೂ ಹಾಗೆಯೇ ಇದೆ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂತಹ ಪಂದ್ಯಗಳು ವರ್ಷದಲ್ಲಿ ಕೆಲವೇ ದಿನ. ಆಟದ ಅವಧಿಯಾದರೋ ಶಾಲೆಯ ವೇಳಾಪಟ್ಟಿಯಲ್ಲಿ ವಾರವಾರವೂ ಬರುತ್ತದೆ, ಮತ್ತು ಅದು ತರಗತಿಯ ಎಲ್ಲ ಮಕ್ಕಳಿಗೂ ಸೇರಿದುದು. ಆ ಅವಧಿಯಲ್ಲಿ ಹೊಸ ನಿಯಮವೊಂದನ್ನು ಒಮ್ಮೆಗೇ ಹೇರದೆ, ಮಕ್ಕಳನ್ನೇ ಸುತ್ತ ಕೂಡಿಸಿ ಕೇಳುವುದು ಒಳ್ಳೆಯ ಕ್ರಮ. ಕಾಲಿನಲ್ಲಿ ಬಲವಿಲ್ಲದ ಬಾಲಕ ಎಲ್ಲಿ ನಿಂತರೆ ಪಕ್ಷಕ್ಕೆ ಹೆಚ್ಚು ಲಾಭ, ಅವನು ಮುಟ್ಟಿದರೆ ಎಷ್ಟು ಅಂಕ, ಅವನಿಗಾಗಿ ಓಡುವವರು ಯಾರು? ಮೊದಲು ಅವನನ್ನೇ ಕೇಳಬೇಕು; ತನ್ನಿಂದ ಏನಾದೀತೆಂಬುದನ್ನು ಅವನಷ್ಟು ಬಲ್ಲವರು ಬೇರೆ ಇಲ್ಲ. ಎರಡು ವಾರ ಆಡಿ ನೋಡಿದ ಮೇಲೆ ಎರಡು ಅಂಕ ಹೆಚ್ಚಾಯಿತೆಂದು ಎದುರುಪಕ್ಷದವರು ಜಗಳ ತೆಗೆಯುತ್ತಾರೆ. ಅದು ಶುಭಲಕ್ಷಣವೇ, ಲೆಕ್ಕಕ್ಕಿಲ್ಲದವನ ಅಂಕದ ಬಗ್ಗೆ ಯಾರೂ ಜಗಳವಾಡುವುದಿಲ್ಲ. ಆಗ ಮತ್ತೆ ಕುಳಿತು, ಎರಡನ್ನು ಒಂದೂವರೆಗೆ ಇಳಿಸುವುದೋ ಹಾಗೆಯೇ ಉಳಿಸುವುದೋ ಎಂದು ತೀರ್ಮಾನಿಸಬೇಕಾಗುತ್ತದೆ. ಬೇವಿನ ಮರದ ಕೆಳಗಿನ ಚೀಲಗಳನ್ನು ಕಾಯುವ ಕೆಲಸ, ಹಲಗೆಯ ಮೇಲೆ ಅಂಕ ಬರೆಯುವ ಕೆಲಸ ಸರದಿಯ ಪ್ರಕಾರ ಎಲ್ಲರ ಪಾಲಿಗೂ ಬರುತ್ತದೆ.