ಕೊನೆಯ ಕಾಲಾಳು

ಚದುರಂಗದ ಹಲಗೆಯ ಮೇಲೆ ಮೂವತ್ತೆರಡು ಕಾಯಿಗಳೂ ನಿಂತಿರುವಾಗ ಎಲ್ಲರೂ ಪಂಡಿತರೇ. ಆನೆ ಕುದುರೆಗಳು ಬಿದ್ದು, ಮಂತ್ರಿಗಳಿಬ್ಬರೂ ಹತರಾಗಿ, ಇಬ್ಬರು ರಾಜರೂ ಒಂದು ಬಡ ಕಾಲಾಳೂ ಉಳಿದಾಗಲೇ ಆಟಗಾರನ ನಿಜವಾದ ಪರೀಕ್ಷೆ. ಆದರೆ ನಮ್ಮ ಜಗಲಿಗಳಲ್ಲಿ ಈ ಪರೀಕ್ಷೆಗೆ ಕುಳಿತುಕೊಳ್ಳುವವರೇ ವಿರಳ. ಮಂತ್ರಿ ಹೋದರೆ ಆಟದ ರಸವೂ ಹೋಯಿತೆಂದು ಬಗೆದು, ಕಾಯಿಗಳನ್ನು ಕೂಡಿಸಿ ಹೊಸ ಆಟ ಹೂಡುವುದು ವಾಡಿಕೆ.

ಈ ವಾಡಿಕೆಗೆ ತೆರಬೇಕಾದ ಬೆಲೆಯನ್ನು ನಾನು ಕಂಡದ್ದು ಶಿರಸಿ ಸೀಮೆಯ ದಾಸನಕೊಪ್ಪದಲ್ಲಿ, ಜಡಿಮಳೆಯ ಒಂದು ಸಂಜೆ. ಪಂದ್ಯವೊಂದರಿಂದ ಹಿಂದಿರುಗಿದ್ದ ಹೈಸ್ಕೂಲಿನ ಹುಡುಗನೊಬ್ಬ ಮುಖ ಬಾಡಿಸಿ ಕುಳಿತಿದ್ದ. ಒಂದು ಕಾಲಾಳು ಹೆಚ್ಚಿದ್ದರೂ ಕೊನೆಯ ಆಟ ಸಮವಾಗಿ, ಅರ್ಧ ಅಂಕದಿಂದ ಮುಂದಿನ ಹಂತ ತಪ್ಪಿಹೋಗಿತ್ತು.

“ನನ್ನ ಕಾಲಾಳು ಏಳನೆಯ ಸಾಲಿಗೆ ಹೋಗಿ ಷಹವನ್ನೂ ಕೊಟ್ಟಿತ್ತು, ಅಜ್ಜಾ. ಆಮೇಲೆ ಅವನಿಗೆ ನಡೆಯೇ ಇಲ್ಲದಂತಾಯಿತು” ಎಂದ.

“ಷಹ ಕೊಟ್ಟದ್ದರಿಂದಲೇ ಕೆಟ್ಟಿತು ನೋಡು, ತಮ್ಮಾ” ಎಂದು ಅಜ್ಜ ಹಲಗೆಯನ್ನು ಹತ್ತಿರಕ್ಕೆಳೆದುಕೊಂಡರು.

ಅವರು ತೋರಿಸಿದ್ದು ಇಷ್ಟೇ. ಬಿಳಿಯ ಕಾಲಾಳು ಆರನೆಯ ಸಾಲಿನಲ್ಲಿದೆ, ಅದರ ರಾಜ ಅದೇ ಸಾಲಿನಲ್ಲಿ ಪಕ್ಕದ ಮನೆಯಲ್ಲಿದ್ದಾನೆ, ನಡೆ ಬಿಳಿಯದು. ಕಪ್ಪು ರಾಜ ಕೊನೆಯ ಸಾಲಿನಲ್ಲಿ ಬಿಳಿಯ ರಾಜನ ನೇರಕ್ಕೆ ನಿಂತಿದ್ದರೆ, ಕಾಲಾಳು ಮುಂದಡಿಯಿಟ್ಟೊಡನೆ ಷಹವಾಗುವುದು. ಅವನು ಪಕ್ಕಕ್ಕೆ ಸರಿದು ಕಾಲಾಳಿನ ದಾರಿಯನ್ನೇ ಕಟ್ಟುವನು. ಅದನ್ನು ಕಾಯಲು ಬಿಳಿಯ ರಾಜ ಹಿಂದಿನ ಮನೆಗೆ ಬಂದರೆ ಕಪ್ಪು ರಾಜನಿಗೆ ಷಹವೂ ಇಲ್ಲ, ನಡೆಯೂ ಇಲ್ಲ, ಆಟ ಸಮ. ಕಾಯದಿದ್ದರೆ ಕಾಲಾಳೇ ಹೋಯಿತು. ಕಪ್ಪು ರಾಜ ಮೊದಲೇ ಕಾಲಾಳಿನ ನೇರಕ್ಕಿದ್ದನೆನ್ನಿ: ಆಗ ಅದು ಸದ್ದಿಲ್ಲದೆ ಏಳನೆಯ ಸಾಲನ್ನು ಮುಟ್ಟುತ್ತದೆ, ಅವನು ವಿಧಿಯಿಲ್ಲದೆ ಆಚೆ ಸರಿಯಬೇಕು, ಬಿಳಿಯ ರಾಜ ಈಚೆಯಿಂದ ಮುಂದೆ ನುಗ್ಗುವನು. ಷಹವೆಂದು ಕೂಗಿ ಹೋದವನಿಗೆ ಅರ್ಧ ಅಂಕ, ಮೌನವಾಗಿ ಹೋದವನಿಗೆ ಪೂರ್ಣ!

ಇದರ ಮೂಲದಲ್ಲಿರುವುದು ರಾಜರಿಬ್ಬರ ಎದುರುನಿಲುವು. ನಡುವೆ ಒಂದೇ ಮನೆಯನ್ನು ಬಿಟ್ಟು ಅವರು ಮುಖಾಮುಖಿ ನಿಂತಾಗ, ಯಾರ ಸರದಿಯೋ ಅವನೇ ದಾರಿ ಬಿಡಬೇಕು. ಬೇರೆಲ್ಲ ಕಡೆ ನಡೆಯೆಂಬುದು ಹಕ್ಕು. ಇಲ್ಲಿ ಅದೊಂದು ಹೊರೆ. ಆದುದರಿಂದ ಬಲ್ಲವರು ಕಾಲಾಳನ್ನು ಓಡಿಸುವುದಿಲ್ಲ. ಅಷ್ಟು ಹೊತ್ತು ಕೋಟೆಯಲ್ಲಿ ಅಡಗಿದ್ದ ರಾಜನನ್ನೇ ಮುಂದೆ ಕಳುಹಿಸುತ್ತಾರೆ. ರಾಜ ಆರನೆಯ ಸಾಲಿಗೇರಿ ತನ್ನ ಕಾಲಾಳಿಗಿಂತ ಒಂದು ಮನೆ ಮುಂದೆ ನಿಂತನೆಂದರೆ, ನಡೆ ಯಾರದಾದರೂ ಗೆಲುವು ಅವನದೇ. ಹಲಗೆಯ ಅಂಚಿನ ಕಾಲಾಳಿಗೆ ಮಾತ್ರ ಈ ಮಾತು ಸಲ್ಲದು. ಎದುರಾಳಿ ಮೂಲೆ ಹಿಡಿದು ಕುಳಿತರೆ ಅವನನ್ನು ಎಬ್ಬಿಸುವಂತಿಲ್ಲ.

ಈ ಬಡ ಸಂಸಾರದಲ್ಲಿಯೂ ಕಾವ್ಯವಿಲ್ಲದಿಲ್ಲ. ರಿಚರ್ಡ್ ರೇಟಿ 1921ರಲ್ಲಿ ಪ್ರಕಟಿಸಿದ ಸಮಸ್ಯೆಯಲ್ಲಿ ಇಬ್ಬರು ರಾಜರು, ಇಬ್ಬರು ಕಾಲಾಳುಗಳು, ಅಷ್ಟೇ. ಕಪ್ಪು ಕಾಲಾಳು ನಾಲ್ಕು ನಡೆಗಳಲ್ಲಿ ಮಂತ್ರಿಯಾಗಲಿದೆ. ದೂರದ ಮೂಲೆಯಲ್ಲಿರುವ ಬಿಳಿಯ ರಾಜ ಅದನ್ನು ಹಿಡಿಯಲಾರ. ಅವನ ಸ್ವಂತ ಕಾಲಾಳಾದರೋ ಹಲಗೆಯ ಆ ಬದಿಯಲ್ಲಿ, ಕಪ್ಪು ರಾಜನ ಬಾಯಿಗೇ ಬಿದ್ದಂತಿದೆ. ಬಿಳಿಯ ರಾಜ ಓರೆಯಾಗಿ ನಡೆಯುತ್ತಾನೆ. ಹಲಗೆಯ ಮೇಲೆ ಓರೆದಾರಿಗೂ ನೇರದಾರಿಗೂ ನಡೆಗಳ ಲೆಕ್ಕ ಒಂದೇ; ಹೀಗಾಗಿ ಒಂದೇ ಹೆಜ್ಜೆಯಲ್ಲಿ ಆತ ವೈರಿಯನ್ನು ಬೆನ್ನಟ್ಟುತ್ತಲೂ ತನ್ನವನ ಬಳಿಗೆ ಸಾರುತ್ತಲೂ ಇದ್ದಾನೆ. ಕಪ್ಪು ರಾಜ ಆ ಕಾಲಾಳನ್ನು ತಿನ್ನಲು ಹೊತ್ತು ಕಳೆದರೆ ಕಪ್ಪು ಕಾಲಾಳು ಸಿಕ್ಕಿಬೀಳುತ್ತದೆ. ಓಡಿಸಿದರೆ ಬಿಳಿಯದೂ ಮಂತ್ರಿಯಾಗುತ್ತದೆ. ಸೋತೇಹೋದ ಆಟ ಸಮವಾಗುತ್ತದೆ.

ನಮ್ಮ ನಾಡು ಈ ವಿದ್ಯೆಗೆ ಹೊಸತಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನು ರಚಿಸಿದರು. ಮೈಸೂರಿನವರೇ ಆದ ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಹಳೆಯ ದೇಶೀ ಆಟದಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹಾರುವ ಅಧಿಕಾರವಿರಲಿಲ್ಲ. ನಿಧಾನವೇ ಅದರ ಧರ್ಮ. ಆ ಆಟದಲ್ಲಿ ಬೆಳೆದ ಪಂಜಾಬಿನ ಮೀರ್ ಸುಲ್ತಾನ್ ಖಾನ್ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಪುಸ್ತಕದ ಆರಂಭಗಳು ಅವರಿಗೆ ಅಪರಿಚಿತ. ಆಟದ ಕೊನೆಯಲ್ಲಿ ಮಾತ್ರ ಅವರ ತಾಳ್ಮೆ ಎದುರಾಳಿಗಳನ್ನು ದಣಿಸುತ್ತಿತ್ತು.

ಕಾಪಾಬ್ಲಾಂಕಾ 1921ರ ತಮ್ಮ ಪಾಠಪುಸ್ತಕವನ್ನು ಸರಳ ಅಂತ್ಯಗಳಿಂದಲೇ ತೊಡಗಿಸಿದ್ದಾರೆ. ನಮ್ಮ ಶಾಲೆಗಳಲ್ಲಿಯೂ ಹೀಗೇ ನಡೆಯಲೆಂದು ನನ್ನ ಆಸೆ. ಇದಕ್ಕೆ ದುಡ್ಡು ಬೇಡ, ದೊಡ್ಡ ಗ್ರಂಥ ಬೇಡ. ಮೂರು ಕಾಯಿ, ಒಂದು ಹಲಗೆ ಸಾಕು. ಎಂಟು ಹತ್ತು ಸಂಜೆಗಳಲ್ಲಿ ಕಲಿಯಬಹುದಾದುದನ್ನು ಕಲಿಸದೆ ಮಕ್ಕಳನ್ನು ಪಂದ್ಯಕ್ಕೆ ಕಳುಹಿಸುವುದೆಂದರೆ, ಗದ್ದೆ ಉತ್ತು, ನಟ್ಟು, ಕಳೆ ಕಿತ್ತು, ಕೊಯ್ಲಿನ ಹೊತ್ತಿಗೆ ಕತ್ತಿಯನ್ನು ಮರೆತು ಹೋದಂತೆ.